ಹಂಚಿಕೆಯೇ ಪ್ರವೇಶವಲ್ಲ



ಪ್ರವೇಶದ ದಿನಗಳಲ್ಲಿ ಭಕ್ತರೊಬ್ಬರ ಮನೆಯಿಂದ ಪೇಡೆ ಬಂದಿತು. ಮಗಳಿಗೆ ಸಿ.ಇ.ಟಿ.ಯಲ್ಲಿ ಇಂಜಿನಿಯರಿಂಗ್ ಸೀಟು ದೊರೆಯಿತೆಂಬ ಸಂತಸ. ವಿಚಾರಿಸಲಾಗಿ ಅದು ಅಣಕು ಹಂಚಿಕೆ! ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಮೊದಲು ಪ್ರಕಟಿಸುವ ಈ ಫಲಿತಾಂಶ ಕೇವಲ ಸೂಚನೆ. ಇದನ್ನು ಕಂಡು ಕಾಲೇಜು, ಕೋರ್ಸುಗಳ ಆದ್ಯತೆಯ ಕ್ರಮವನ್ನು ತಿದ್ದಿಕೊಳ್ಳಬೇಕೇ ಹೊರತು ಇದರಿಂದ ಸೀಟಿನ ಹಕ್ಕು ಹುಟ್ಟದು. ನಿಜವಾದ ಹಂಚಿಕೆಯಲ್ಲಿ ಆಕೆಗೆ ಬಂದುದು ಬೇರೆ ಕಾಲೇಜು. ಹಿರಿಯರು ಅವಸರಪಟ್ಟರು, ತಲೆ ತಗ್ಗಿಸಿದವಳು ಮಗಳು.

ನಿಜ ಹಂಚಿಕೆಯೂ ಕೊನೆಯ ಮಾತಲ್ಲ. ಮೊದಲ ಸುತ್ತಿನಲ್ಲಿ ಸೀಟು ದೊರೆತವರು ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಗಡುವಿನೊಳಗೆ ದಾಖಲಿಸಬೇಕು. ಚಾಯ್ಸ್ 1 ಎಂದರೆ ಸೀಟನ್ನೊಪ್ಪಿ, ಶುಲ್ಕ ತೆತ್ತು, ಕಾಲೇಜು ಸೇರುವುದು. 2 ಎಂದರೆ ದೊರೆತುದನ್ನು ಉಳಿಸಿಕೊಂಡೇ ಮೇಲಿನ ಆದ್ಯತೆಗಾಗಿ ಮುಂದಿನ ಸುತ್ತಿಗೆ ಹೋಗುವುದು. ಅದು ದೊರೆತರೆ ಹಿಂದಿನದು ತಾನಾಗಿ ರದ್ದಾಗುವುದು. 3 ಎಂದರೆ ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. 4 ಎಂದರೆ ಪ್ರಕ್ರಿಯೆಯಿಂದಲೇ ಹೊರಬರುವುದು. 2 ಮತ್ತು 3ರ ಅಂತರವನ್ನರಿಯದೆ ನಡೆದರೆ ಕೈಯಲ್ಲಿದ್ದುದೂ ಜಾರೀತು. ಏನನ್ನೂ ದಾಖಲಿಸದೆ ಸುಮ್ಮನಿದ್ದರೂ ಸೀಟು ಉಳಿಯದು.

ಆದುದರಿಂದ ತಂದೆತಾಯಿಗಳು ಮಕ್ಕಳೊಡನೆ ಕುಳಿತು ಪ್ರಾಧಿಕಾರದ ಸೂಚನೆಯನ್ನು ಸಾವಧಾನವಾಗಿ ಓದಬೇಕು. ಚಾಯ್ಸ್ ದಾಖಲಿಸುವ ಮುನ್ನ ಮಗುವಿನ ಮನಸ್ಸನ್ನೂ ಕೇಳಬೇಕು. ಅರಿತು ಮಾಡಿದ ಕಾರ್ಯವೇ ಕಾಯಕ. ಪ್ರವೇಶಪತ್ರ ಪಡೆದು, ಮಗು ಕಾಲೇಜಿನಲ್ಲಿ ಹಾಜರಾದ ದಿನ ಪೇಡೆ ಹಂಚಿರಿ. ಅಂದಿನ ಸಿಹಿ ಉಳಿಯುವ ಸಿಹಿ.