ಭಾವಚಿತ್ರದಲ್ಲಿ ನಾವು ತೊಡುವ ಬಟ್ಟೆ ಯಾರದು?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಉಡುಗೆ-ತೊಡುಗೆಯನ್ನು ಕುರಿತು ಹೇಳುತ್ತ ಬಂದಿದ್ದಾರೆ. ಉಣ್ಣುವುದು ನಮ್ಮ ನಾಲಗೆ ಒಪ್ಪುವಂತೆ, ಉಡುವುದು ನೋಡುವವರ ಕಣ್ಣು ಒಪ್ಪುವಂತೆ ಎಂಬುದು ಅದರ ತಾತ್ಪರ್ಯ. ನಿತ್ಯದ ಬದುಕಿಗೆ ಇದು ಒಪ್ಪತಕ್ಕ ಮಾತೇ. ಆದರೆ ಸ್ಟುಡಿಯೋಗೆ ಹೋಗಿ ಭಾವಚಿತ್ರ ತೆಗೆಸಿಕೊಳ್ಳುವಾಗಲೂ ಇದನ್ನು ಹಾಗೆಯೇ ಅನುಸರಿಸಬಹುದೇ? ಆ ಚಿತ್ರವನ್ನು ನೋಡಲಿರುವ ‘ಪರರು’ ಯಾರು? ಇಂದಿನ ನೆರೆಹೊರೆಯವರೇ? ನೌಕರಿ ಕೊಡಬೇಕಾದ ಅಧಿಕಾರಿಯೇ? ಅಥವಾ ನಾವು ಇಲ್ಲವಾದ ಮೇಲೆ ಗೋಡೆಯತ್ತ ಬೆರಳು ತೋರಿಸಿ ‘ಇವರು ಯಾರು?’ ಎಂದು ಕೇಳಲಿರುವ ಮೊಮ್ಮಕ್ಕಳೇ?

ಮಾನ್ವಿಯಿಂದ ಬೇರ್ಪಟ್ಟು ಈಗ ಸ್ವತಃ ತಾಲೂಕು ಕೇಂದ್ರವಾಗಿರುವ ಸಿರವಾರದಂತಹ ಊರಿನಲ್ಲಿಯೂ ಇಂದು ಕೈಗೊಂದು ಕ್ಯಾಮೆರಾ ಇದೆ. ಮೊಬೈಲಿನಲ್ಲಿ ನೂರಾರು ಚಿತ್ರಗಳು ತುಂಬಿವೆ. ಆದರೂ ಮಕ್ಕಳ ಪ್ರಥಮ ಪರಮಪ್ರಸಾದ ಸ್ವೀಕಾರ, ಮದುವೆ, ನೌಕರಿಯ ಅರ್ಜಿ ಮುಂತಾದ ಸಂದರ್ಭಗಳಲ್ಲಿ ನಾವು ಛಾಯಾಗ್ರಾಹಕರ ಮುಂದೆ ಹೋಗಿ ಕುಳಿತುಕೊಳ್ಳುತ್ತೇವೆ. ಹೊರಡುವ ಮುನ್ನ ಪ್ರತಿ ಮನೆಯಲ್ಲೂ ಅದೇ ಪ್ರಶ್ನೆ: ‘ಏನು ಉಟ್ಟುಕೊಳ್ಳಲಿ?’ ಪ್ರಶ್ನೆ ಸಣ್ಣದೆಂದು ತೋರಿದರೂ ಅದರೊಳಗೆ ದೊಡ್ಡದೊಂದು ವಿಚಾರ ಅಡಗಿದೆ.

ಮೊಳೆಗೆ ತೂಗಿದ ಕೋಟು

ಹಿಂದೆ ಸ್ಟುಡಿಯೋಗಳ ಒಳಕೋಣೆಯಲ್ಲಿ ಒಂದು ಕನ್ನಡಿ, ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ ಇರುತ್ತಿದ್ದವು. ಪಕ್ಕದ ಮೊಳೆಗೆ ಒಂದು ಕಪ್ಪು ಕೋಟು, ಗಂಟು ಬಿಚ್ಚದ ಒಂದು ಟೈ ತೂಗಿರುತ್ತಿದ್ದವು. ಹತ್ತಿ ಬಿಡಿಸುವ ಕೂಲಿಯ ಮಗನೂ ಸಾಹುಕಾರನ ಮಗನೂ ಆ ಒಂದೇ ಕೋಟನ್ನು ತೊಟ್ಟು ಚಿತ್ರ ತೆಗೆಸಿಕೊಂಡು ಹೋಗುತ್ತಿದ್ದರು. ಹೆಗಲು ಜೋಲುತ್ತಿದ್ದರೂ, ತೋಳು ಗಿಡ್ಡವಾಗಿದ್ದರೂ ಚಿತ್ರದಲ್ಲಿ ಕಾಣುತ್ತಿದ್ದುದು ಎದೆಯವರೆಗೆ ಮಾತ್ರ!

ಇದನ್ನು ಕಂಡು ನಗುವವರಿದ್ದಾರೆ. ತನ್ನದಲ್ಲದ ಕೋಟು ತೊಟ್ಟು ತಾನಲ್ಲದವನಂತೆ ಕಾಣುವುದು ಸುಳ್ಳಲ್ಲವೇ ಎಂದು ಕೇಳುವವರೂ ಇದ್ದಾರೆ. ಉತ್ತರ ಹೇಳುವ ಮೊದಲು ನಮ್ಮ ನಾಡಿನ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಬೇಕು.

ರಾಯಚೂರು ಜಿಲ್ಲೆ 1956ರವರೆಗೂ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಅವರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನದಯಾಳ್ (1844-1905). ಮೀರತ್ ಬಳಿಯ ಸರ್ಧನಾ ಅವರ ಹುಟ್ಟೂರು. ಬೇಗಂ ಸಮ್ರೂ ಕಟ್ಟಿಸಿದ ಮಾತೆ ಮರಿಯಮ್ಮನವರ ದೇವಾಲಯದಿಂದ ಕಥೋಲಿಕರೆಲ್ಲರಿಗೂ ಪರಿಚಿತವಾದ ಊರು ಅದು. ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗಾಗಿಯೇ ಪ್ರತ್ಯೇಕ ಸ್ಟುಡಿಯೋ ತೆರೆದು, ಅದರ ಹೊಣೆಯನ್ನು ಒಬ್ಬ ಆಂಗ್ಲ ಮಹಿಳೆಗೆ ಒಪ್ಪಿಸಿದರು. ಪರದೆಯಲ್ಲಿದ್ದ ಕುಲೀನ ಸ್ತ್ರೀಯರು ಪರಪುರುಷರ ಕಣ್ಣಿಗೆ ಬೀಳದೆ, ತಮ್ಮ ರೇಷ್ಮೆ-ಒಡವೆಗಳನ್ನು ತೊಟ್ಟು ಅಲ್ಲಿ ಚಿತ್ರ ತೆಗೆಸಿಕೊಳ್ಳಬಹುದಾಗಿತ್ತು.

ಅದಕ್ಕೂ ಮೊದಲೇ ಇನ್ನೊಂದು ಬಗೆಯ ಚಿತ್ರಗಳು ಈ ದೇಶದಲ್ಲಿ ಅಚ್ಚಾಗಿದ್ದವು. ಬ್ರಿಟಿಷ್ ಸರ್ಕಾರ 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳನ್ನು ಹೊರತಂದಿತು. ಅವುಗಳಲ್ಲಿ ನಮ್ಮ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳೆಂಬಂತೆ ಜೋಡಿಸಿ ತೋರಿಸಲಾಯಿತು. ಅಲ್ಲಿ ಬಟ್ಟೆಯೆಂದರೆ ಜಾತಿಯ ಗುರುತು. ಬಹುತೇಕ ಮಂದಿಗೆ ಹೆಸರೇ ಇಲ್ಲ. ಸಿರಿವಂತನು ತನ್ನ ಉಡುಪನ್ನು ತಾನೇ ಆರಿಸಿಕೊಂಡು ಕ್ಯಾಮೆರಾದ ಮುಂದೆ ಬಂದನು. ಬಡವನನ್ನು ಕ್ಯಾಮೆರಾವೇ ಆರಿಸಿಕೊಂಡಿತು. ಎರಡರ ನಡುವಿನ ಅಂತರ ಇಷ್ಟೇ, ಆದರೆ ಅದು ಅಗಾಧ.

ಬಟ್ಟೆಯೇ ಜಾತಿಯ ಗುರುತಾಗಿದ್ದ ಈ ಸಮಾಜದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ದಲಿತ ಮಹಿಳೆಯರನ್ನು ಉದ್ದೇಶಿಸಿ ಮಾತನಾಡುತ್ತ, ಅಸ್ಪೃಶ್ಯತೆಯನ್ನು ಸಾರುವ ಉಡುಗೆಯನ್ನೂ ಒಡವೆಗಳನ್ನೂ ತ್ಯಜಿಸಲು ಕರೆಯಿತ್ತರು. ಸೀರೆಯನ್ನು ಮೇಲ್ಜಾತಿಯ ಸ್ತ್ರೀಯರಂತೆಯೇ ಪೂರ್ಣವಾಗಿ ಉಡಬೇಕೆಂದರು. ಮಹಿಳೆಯರು ಅದಕ್ಕೆ ಓಗೊಟ್ಟು ಸೀರೆ ಉಡುವ ರೀತಿಯನ್ನೇ ಬದಲಿಸಿದರು. ನಮ್ಮ ಹಳ್ಳಿಗಳ ಕೇರಿಗಳಲ್ಲಿ ಇಂದಿಗೂ ಕಾಣುವ ಬಾಬಾಸಾಹೇಬರ ಚಿತ್ರಗಳಲ್ಲಿ ಆ ನೀಲಿ ಸೂಟು ಏಕಿದೆ ಎಂಬುದನ್ನು ಮಹಾಡ್ ವಿವರಿಸುತ್ತದೆ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಸ್ವತಂತ್ರನಾದ ಫ್ರೆಡ್ರಿಕ್ ಡಗ್ಲಸ್ ಅವರೂ ಇದನ್ನರಿತಿದ್ದರು. ಕಪ್ಪು ಜನರನ್ನು ಹಾಸ್ಯದ ವಸ್ತುವಾಗಿ ಬಿಡಿಸುತ್ತಿದ್ದ ಆ ಕಾಲದಲ್ಲಿ ಅವರು ಕೋಟು-ಟೈ ಧರಿಸಿ, ಗಂಭೀರ ಮುಖಮುದ್ರೆಯಲ್ಲಿ ಸುಮಾರು 160 ಭಾವಚಿತ್ರಗಳಿಗೆ ಕುಳಿತರು. ಮೊಳೆಗೆ ತೂಗಿದ ಆ ಕೋಟು ನಮ್ಮ ಬಡವರ ಪಾಲಿಗೆ ಸುಳ್ಳಾಗಿರಲಿಲ್ಲ. ‘ನನ್ನನ್ನೂ ಗೌರವದಿಂದ ನೋಡಿ’ ಎಂಬ ಮನವಿಯಾಗಿತ್ತು.

ತಲೆವಸ್ತ್ರದ ಸಂತರು

ಹಾಗಾದರೆ ಎಲ್ಲರೂ ಕೋಟು ತೊಡಬೇಕೆ? ಇಲ್ಲ. ಲೂರ್ದಿನ ಸಂತ ಬೆರ್ನದೆತ್ ಅವರ ಭಾವಚಿತ್ರಗಳನ್ನು ನಮ್ಮ ಅನೇಕ ಕುಟುಂಬಗಳು ನೋಡಿವೆ. 1858ರ ದರ್ಶನಗಳ ನಂತರ, 1860ರ ದಶಕದಲ್ಲಿ ಅವರ ಹಲವು ಛಾಯಾಚಿತ್ರಗಳನ್ನು ತೆಗೆಯಲಾಯಿತು. ಅಷ್ಟರಲ್ಲಿ ಆ ಬಡ ಹುಡುಗಿಯ ಹೆಸರು ದೂರದೂರಕ್ಕೆ ಹಬ್ಬಿತ್ತು. ಆದರೂ ಕನ್ಯಾಮಠ ಸೇರುವ ಮುಂಚಿನ ಆ ಚಿತ್ರಗಳಲ್ಲಿ ಅವರು ತೊಟ್ಟಿರುವುದು ಪಿರೆನೀಸ್ ಬೆಟ್ಟಸೀಮೆಯ ಹಳ್ಳಿಯ ಹೆಂಗಸರ ತಲೆವಸ್ತ್ರ ಮತ್ತು ಶಾಲು.

ಅಂಬೇಡ್ಕರ್ ಅವರು ತಮ್ಮ ಜನಕ್ಕೆ ನಿರಾಕರಿಸಲಾಗಿದ್ದುದನ್ನು ತೊಟ್ಟರು. ಬೆರ್ನದೆತ್ ತಮ್ಮದಾಗಿದ್ದುದನ್ನು ಬಿಡಲಿಲ್ಲ. ಇಬ್ಬರೂ ಸರಿ. ಏಕೆಂದರೆ ಎರಡೂ ಕಡೆ ಉಡುಪು ಅವರವರ ಮಾತಾಗಿತ್ತು. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥ ‘ಸುಮ್ಮಾ ಥಿಯೊಲೋಜಿಯೇ’ಯಲ್ಲಿ ಹೊರ ಉಡುಪಿನ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿದ್ದಾರೆ. ದೋಷವಿರುವುದು ವಸ್ತ್ರದಲ್ಲಲ್ಲ, ಅದನ್ನು ಮಿತಿಮೀರಿ ಬಳಸುವ ಮನುಷ್ಯನಲ್ಲಿ ಎಂಬುದು ಅವರ ವಿವೇಚನೆ. ಅತಿ ಆಡಂಬರವೂ ತಪ್ಪು, ಉದಾಸೀನವೂ ತಪ್ಪು. ಭಾವಚಿತ್ರಕ್ಕೆ ಇದನ್ನು ಅನ್ವಯಿಸಿದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಉಡುಪನ್ನು ನಾನು ಆರಿಸಿಕೊಂಡೆನೋ, ಇನ್ನೊಬ್ಬರು ನನ್ನ ಮೇಲೆ ಹೊದಿಸಿದರೋ?

ಬಣ್ಣ ಮತ್ತು ಬೆಳಕು

ಮನಸ್ಸು ಆರಿಸಿದ್ದನ್ನು ಕ್ಯಾಮೆರಾ ಸಹ ಒಪ್ಪಬೇಕಷ್ಟೆ. ಕ್ಯಾಮೆರಾದ ಕಣ್ಣು ನಮ್ಮ ಕಣ್ಣಿನಂತಲ್ಲ. ಛಾಯಾಗ್ರಹಣದ ಮೊದಲ ದಶಕಗಳಲ್ಲಿ ಗಾಜಿನ ಫಲಕಗಳು ನೀಲಿ ಬೆಳಕನ್ನೇ ಹೆಚ್ಚಾಗಿ ಗ್ರಹಿಸುತ್ತಿದ್ದವು. ನೀಲಿ ಸೀರೆ ಬಿಳಿಯಾಗಿಯೂ ಕೆಂಪು ಸೆರಗು ಕಪ್ಪಾಗಿಯೂ ಮೂಡುತ್ತಿತ್ತು. ಬಣ್ಣದ ಫಿಲಂ ಬಂದ ಮೇಲೂ ಅದನ್ನು ಬಹುಕಾಲ ಬಿಳಿಯ ಮೈಬಣ್ಣದ ಜನರನ್ನು ಮುಂದಿಟ್ಟುಕೊಂಡೇ ಹದಗೊಳಿಸಲಾಗುತ್ತಿತ್ತು. ಬಿಸಿಲಿನ ಈ ಸೀಮೆಯ ಕಪ್ಪು ಮುಖಗಳು ಅದರಲ್ಲಿ ವಿವರ ಕಳೆದುಕೊಳ್ಳುತ್ತಿದ್ದವು. ಇಂದಿಗೂ ಅಚ್ಚ ಬಿಳಿಯ ಅಂಗಿ ತೊಟ್ಟರೆ ಕ್ಯಾಮೆರಾ ಅಂಗಿಯ ಹೊಳಪಿಗೆ ಹೊಂದಿಕೊಳ್ಳಲು ಹೋಗಿ ಮುಖವನ್ನು ಇನ್ನಷ್ಟು ಕಪ್ಪಾಗಿಸಬಹುದು. ಆಗ ಸ್ಟುಡಿಯೋದವರು ಮುಖವನ್ನು ಬೆಳ್ಳಗೆ ತಿದ್ದಲು ಮುಂದಾಗುತ್ತಾರೆ. ಅದು ಬೇಡವೆಂದು ಮೊದಲೇ ಹೇಳಿಬಿಡಿ. ತಿಳಿನೀಲಿಯನ್ನೋ ಕೆನೆಬಣ್ಣವನ್ನೋ ತೊಟ್ಟು, ಬೆಳಕನ್ನು ಮುಖಕ್ಕೆ ಹೊಂದಿಸಲು ಕೇಳಿಕೊಂಡರೆ ಸಾಕು. ದೇವರು ಕೊಟ್ಟ ಬಣ್ಣ ತಿದ್ದುಪಡಿಗಾಗಿ ಕಾದಿಲ್ಲ.

ಇನ್ನು ಕೆಲವು ಸಾಮಾನ್ಯ ಸಂಗತಿಗಳು. ಒಂದೇ ಬಣ್ಣದ ಬಟ್ಟೆ ಮುಖಕ್ಕೆ ಎಡೆಗೊಡುತ್ತದೆ. ಬಹಳ ಸಣ್ಣ ಗೆರೆ-ಚೌಕಳಿಗಳು ಚಿತ್ರದಲ್ಲಿ ಅಲೆಅಲೆಯಾಗಿ ಕಂಡು ಕಣ್ಣನ್ನು ಸೆಳೆದುಬಿಡುತ್ತವೆ. ಮಿರುಗುವ ಬಟ್ಟೆ, ಭಾರಿ ಜರಿ, ದೊಡ್ಡ ಒಡವೆಗಳು ಫ್ಲ್ಯಾಷ್ ಬೆಳಕನ್ನು ತಿರುಗಿ ಎಸೆಯುತ್ತವೆ. ಹೊಸ ಅಂಗಿಯನ್ನು ಡಬ್ಬಿಯಿಂದ ತೆಗೆದು ಹಾಗೆಯೇ ತೊಟ್ಟರೆ ಮಡಿಕೆಯ ಗೆರೆಗಳು ಎದೆಯ ಮೇಲೆ ಎದ್ದು ಕಾಣುತ್ತವೆ. ಒಮ್ಮೆ ಒಗೆದು ಇಸ್ತ್ರಿ ಮಾಡಿಸುವುದು ಲೇಸು. ಎದೆಯವರೆಗಿನ ಚಿತ್ರದಲ್ಲಿ ಕಾಣುವುದು ಕೊರಳಪಟ್ಟಿ, ಹೆಗಲು, ಸೆರಗು ಮಾತ್ರ, ಗಮನ ಅಲ್ಲಿರಲಿ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ವಯಸ್ಕರ ಚಿತ್ರವನ್ನು ಅಲ್ಲಿಯೇ, ಬಿಳಿಯ ಹಿನ್ನೆಲೆಯಲ್ಲಿ ತೆಗೆಯುವುದರಿಂದ ಅಂದು ಗಾಢ ಬಣ್ಣದ ಉಡುಪು ಒಳ್ಳೆಯದು. ಧಾರ್ಮಿಕ ಕಾರಣದಿಂದ ತಲೆವಸ್ತ್ರ ಧರಿಸುವ ಧರ್ಮಭಗಿನಿಯರು ಅದನ್ನು ತೆಗೆಯಬೇಕಾಗಿಲ್ಲ, ಮುಖ ಪೂರ್ತಿ ಕಾಣುವಂತಿದ್ದರೆ ಸಾಕು.

ಮಕ್ಕಳ ಬಗ್ಗೆ ಒಂದು ಮಾತು. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಎರಡು ಅಳತೆ ದೊಡ್ಡದಾದ ಬಟ್ಟೆ ಕೊಳ್ಳುವುದು ನಮ್ಮ ಮನೆಗಳ ಹಳೆಯ ಜಾಣತನ. ಜೇಬಿಗೆ ಅದು ಹಿತ. ಆದರೆ ಚಿತ್ರದಲ್ಲಿ ಮಗು ಬಟ್ಟೆಯೊಳಗೆ ಕಳೆದುಹೋಗುತ್ತದೆ. ಪ್ರಥಮ ಪರಮಪ್ರಸಾದದ ಬಿಳಿ ಉಡುಪಿಗಾಗಿ ಸಾಲ ಮಾಡುವುದು ಇನ್ನೂ ಅನುಚಿತ. ಅಕ್ಕನದನ್ನು ತಂಗಿ ತೊಡಲಿ; ಮೈಗೆ ಒಪ್ಪುವಂತೆ ಹೊಲಿಗೆ ಹಿಡಿಸಿದರೆ ಸಾಕು.

ಹಿರಿಯರನ್ನು ಕೇಳಿದ್ದೀರಾ?

ಮೊಳೆಯ ಮೇಲಿನ ಕೋಟು ಈಗ ಗಣಕಯಂತ್ರದೊಳಗೆ ಸೇರಿದೆ. ಅಂಗಿ ತೊಟ್ಟು ಕುಳಿತವರಿಗೆ ಕ್ಷಣಮಾತ್ರದಲ್ಲಿ ಸೂಟು ಹೊಂದಿಸಿ ಕೊಡುತ್ತಾರೆ. ನೌಕರಿಗೆ ಹೊರಟ ಯುವಕನು ತಾನೇ ಬಯಸಿ ಇದನ್ನು ಮಾಡಿಸಿಕೊಂಡರೆ ಅದು ಅವನ ಆಯ್ಕೆ, ಆದರೂ ಸ್ವಂತದ ಒಗೆದ ಅಂಗಿಯೇ ಅವನನ್ನು ಹೆಚ್ಚು ನಂಬಿಕೆಗೆ ಅರ್ಹನನ್ನಾಗಿ ತೋರಿಸೀತು.

ನಮ್ಮನ್ನು ಚಿಂತೆಗೆ ಹಚ್ಚುವುದು ಬೇರೊಂದು ಸಂಗತಿ. ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಒಂದು ಚಿತ್ರ ಬೇಕಾಗುತ್ತದೆ. ಹುಡುಕಿದರೆ ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಮರೆಯಾದ ಒಂದು ಮುಖ ಸಿಗುತ್ತದೆ. ಅದನ್ನು ಕತ್ತರಿಸಿ, ಕತ್ತಿನ ಕೆಳಗೆ ಅಪರಿಚಿತನ ಸೂಟನ್ನೋ ಅಪರಿಚಿತಳ ರೇಷ್ಮೆಯನ್ನೋ ಅಂಟಿಸಿ, ಹಿಂದೆ ಹೂತೋಟವನ್ನೋ ಮೋಡಗಳನ್ನೋ ಇಟ್ಟು ಚೌಕಟ್ಟು ಹಾಕಿಸುತ್ತಾರೆ. ಜೀವಮಾನವಿಡೀ ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿದ ರೈತ ಗೋಡೆಯ ಮೇಲೆ ಶಾಶ್ವತವಾಗಿ ಸೂಟುಧಾರಿ! ಮಕ್ಕಳು ಇದನ್ನು ಪ್ರೀತಿಯಿಂದಲೇ ಮಾಡಿರುತ್ತಾರೆ. ಆದರೆ ಮೊಳೆಯ ಕೋಟನ್ನು ತೊಟ್ಟವನು ತಾನೇ ತೋಳು ಚಾಚಿದ್ದನು. ಈತನನ್ನು ಯಾರೂ ಕೇಳಲಿಲ್ಲ. ಅಂದಿನ ಆ ಎಂಟು ಸಂಪುಟಗಳು ಹೆಸರಿಲ್ಲದವರಿಗೆ ಮಾಡಿದ್ದನ್ನು ನಾವು ಅರಿಯದೆ ನಮ್ಮವರಿಗೇ ಮಾಡುತ್ತಿದ್ದೇವೆ.

ಆದ್ದರಿಂದ ಮನೆಯ ಹಿರಿಯರು ಗಟ್ಟಿಮುಟ್ಟಾಗಿರುವಾಗಲೇ ಅವರನ್ನು ಒಮ್ಮೆ ಸ್ಟುಡಿಯೋಗೆ ಕರೆದೊಯ್ಯಬೇಕು. ಅದಕ್ಕೆ ಮದುವೆ-ಹಬ್ಬಗಳ ನೆಪ ಬೇಡ. ಹೊರಡುವ ಮುನ್ನ ‘ಅವ್ವಾ, ಏನು ಉಟ್ಕೊಳ್ತಿ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಬೇಕು. ಆಕೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಎಂದರೆ ಅದೇ ಆಗಲಿ. ಸೊಸೆಯ ಹೊಸ ರೇಷ್ಮೆ ಸೀರೆಯನ್ನು ಬಯಸಿದರೆ ಅದನ್ನೂ ಸಂತೋಷದಿಂದ ಕೊಡಿ. ಆಸೆಪಡುವ ಹಕ್ಕು ಆಕೆಗೂ ಇದೆ. ಸೆರಗನ್ನು ತಲೆಯ ಮೇಲೆ ಹೊದ್ದು ಕುಳಿತರೆ ಛಾಯಾಗ್ರಾಹಕರು ‘ತೆಗೆಯಿರಿ’ ಎನ್ನದಂತೆ ನೋಡಿಕೊಳ್ಳಿ. ಆ ಸೆರಗಿನ ಕೆಳಗಿನ ಮುಖವನ್ನೇ ಮೊಮ್ಮಕ್ಕಳು ಗುರುತಿಸಬೇಕಾಗಿರುವುದು.