ಜೀರೋ ಟಿಕೆಟ್ ಭಾನುವಾರ

ಕೊರಿಯಾದಲ್ಲಿ ಓದುವವರ ವೀಕೆಂಡ್ ರೀಲ್ಸ್ ನೋಡಿ ನಿಟ್ಟುಸಿರು ಬಿಡುತ್ತಿದ್ದ ನಮ್ಮ ಜಮಖಂಡಿ ಹಾಸ್ಟೆಲ್ ಹುಡುಗಿಯರಿಗೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಅದಕ್ಕೂ ಮೊದಲು ತಿರುಗಾಟವೆಂದರೆ ಅಪ್ಪನ ಮುಂದೆ ಕೈಚಾಚಬೇಕು. ಹಾಗಾಗಿ ಹೋಗುತ್ತಲೇ ಇರಲಿಲ್ಲ. ಈಗ ಆಧಾರ್ ಕಾರ್ಡ್ ತೋರಿಸಿದರೆ ರನ್ನನ ಮುಧೋಳ, ಬೀಳಗಿ, ಬನಹಟ್ಟಿ ಎಲ್ಲವೂ ಹತ್ತಿರ. (ದುಡ್ಡು ಕೊಡುವ ಹುಡುಗರು ಮುಖ ಊದಿಸುತ್ತಾರೆ, ಇರಲಿ.) ಬನಹಟ್ಟಿ ಓಣಿಗಳಲ್ಲಿ ಮಗ್ಗದ ಸದ್ದಿಗೆ ನಮ್ಮ ಹರಟೆಯೇ ನಿಂತುಹೋಯಿತು.

ನನಗೆ ಹೆಚ್ಚು ಹಿಡಿಸಿದ್ದು ಚಿಕ್ಕಪಡಸಲಗಿ. ಸರ್ಕಾರಕ್ಕೆ ಕಾಯದೆ ರೈತರೇ ವಂತಿಗೆ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಜಾಗ. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ‘ಜನರ ಸಹಭಾಗಿತ್ವ’ ಎಂದು ಪರೀಕ್ಷೆಗೆ ಉರು ಹೊಡೆದದ್ದು ಅಲ್ಲಿ ಕಣ್ಣೆದುರೇ ನಿಂತಿತ್ತು. ಇನ್ನಷ್ಟು ಹೊತ್ತು ಕೂರಬಹುದಿತ್ತು. ಆದರೆ ಏಳಕ್ಕೆ ಹಾಸ್ಟೆಲ್ ಗೇಟ್ ಹಾಕುತ್ತಾರೆ.