ಎರಡು ದಿನದ ಮುಂಬೈ: ರೂಮ್ ಎಲ್ಲಿ ಮಾಡೋದು?

ಮುಂಬೈ ಪ್ರವಾಸದ ಖರ್ಚು ಏರಿಸುವುದು ನೋಡುವ ಜಾಗವಲ್ಲ, ಮಲಗುವ ಜಾಗ. ಗೇಟ್‌ವೇ, ಮರೀನ್ ಡ್ರೈವ್ ನೋಡಲು ಯಾರಿಗೂ ಟಿಕೆಟ್ ಇಲ್ಲ. ಹಾಗಾಗಿ ಬಜೆಟ್ ಬಿಗಿಯಿದ್ದರೆ, ಮಂಗಳೂರು, ಉಡುಪಿಯಿಂದ ಮತ್ಸ್ಯಗಂಧ ರೈಲಿನಲ್ಲಿ ಬರುವವರು ಪನ್ವೇಲ್‌ನಲ್ಲೇ ಇಳಿದು ಹಾರ್ಬರ್ ಲೋಕಲ್ ಹತ್ತಲಿ. ಅಲ್ಲಿಂದ ನಾಲ್ಕನೇ ಸ್ಟೇಷನ್ ಬೇಲಾಪುರ. ಅಲ್ಲೇ ರೂಮ್ ಮಾಡಲಿ.

‘ಗೇಟ್‌ವೇ ಕಡೆಯ ಸಿಎಸ್‌ಎಂಟಿ ಸ್ಟೇಷನ್‌ಗೆ ಅಲ್ಲಿಂದ ಗಂಟೆಗೂ ಹೆಚ್ಚು ಬೇಕಲ್ಲ, ಸಮಯ ಹಾಳಲ್ಲವೇ?’ ನಿಜ, ದಿನವೂ ಓಡಾಡಿದರೆ ಉಳಿಸಿದ ದುಡ್ಡು ಸುಸ್ತಿಗೇ ಸರಿಹೋಗುತ್ತದೆ. ಅದಕ್ಕೇ ಆ ಕಡೆಗೆ ಒಂದೇ ದಿನ ಇಡಿ. ಆಫೀಸ್ ರಶ್ ಇಳಿದ ಮೇಲೆ ಹೊರಡಿ, ರಾತ್ರಿ ತಡವಾಗಿ ಮರಳಿ. ಕೈಯಲ್ಲಿ ತುಸು ಹೆಚ್ಚಿದ್ದರೆ ಫಸ್ಟ್ ಕ್ಲಾಸ್ ಟಿಕೆಟ್ ತೆಗೆಯಿರಿ. ಇನ್ನೊಂದು ದಿನ ನವಿ ಮುಂಬೈಗೆ: 1980ರ ದಶಕದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ರೂಪಿಸಿದ ಬೇಲಾಪುರದ ಆರ್ಟಿಸ್ಟ್ಸ್ ವಿಲೇಜ್‌ನಲ್ಲಿ ಏಳೇಳು ಮನೆಗಳು ಒಂದೊಂದು ಅಂಗಳದ ಸುತ್ತ ಕೂತಿವೆ. ಸಮಯ ಉಳಿದರೆ ಉರಣ್‌ಗೂ ಹೋಗಬಹುದು, 2024ರಿಂದ ಅಲ್ಲಿವರೆಗೂ ಲೋಕಲ್ ಇದೆ.

ವಯಸ್ಸಾದವರು ಜೊತೆಗಿದ್ದರೆ ಮಾತ್ರ ಈ ಲೆಕ್ಕ ತಿರುಗುತ್ತದೆ. ಆಗ ಸಿಎಸ್‌ಎಂಟಿ ಪಕ್ಕದ ಫೋರ್ಟ್ ಕಡೆಯ ದುಬಾರಿ ರೂಮೇ ಒಳ್ಳೆಯದು. ಅದು ದುಂದಲ್ಲ, ಸಮಯಕ್ಕೂ ಮಂಡಿನೋವಿಗೂ ಕೊಟ್ಟ ಬೆಲೆ. ಎಲ್ಲಿ ಉಳಿದರೂ ಸರಿ, ಎಲಿಫೆಂಟಾ ಗುಹೆಗಳು ಪಟ್ಟಿಯಲ್ಲಿದ್ದರೆ ಸೋಮವಾರ ಬೇಡ, ಅಂದು ರಜೆ.